ಪಂಪ್ ಸೀಲಿನ ಮುಖ ಎಷ್ಟು ನುಣುಪಿರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ನಮ್ಮ ವರ್ಕ್‌ಶಾಪಿಗೆ ಮೂರು ಥರದ ಗಿರಾಕಿಗಳು ಬರುತ್ತಾರೆ. ಬೈತಖೋಲ ಬಂದರಿನ ಕಡೆಯಿಂದ ಬೋಟಿನವರು, ಐಸ್ ಪ್ಲಾಂಟಿನವರು. ಅಂಕೋಲಾ, ಕುಮಟಾ ಕಡೆಯಿಂದ ಸಿಗಡಿ ಕೆರೆಯವರು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಿಂದ ಅಡಿಕೆ ತೋಟದವರು. ಪಂಪು ಬೇರೆ ಬೇರೆ, ದೂರು ಒಂದೇ: ಸೀಲ್ ಸೋರ್ತಾ ಇದೆ. "ಮುಖ ಸ್ವಲ್ಪ ಫಳಫಳ ಪಾಲಿಶ್ ಹೊಡೆದು ಕೊಡಿ ಮಾರಾಯ್ರೆ, ಸರಿಯಾಗ್ತದೆ" ಅನ್ನುವ ಸಲಹೆಯೂ ಒಂದೇ. ಪ್ರತಿ ಸಲ ನಿಂತು ಹೇಳಿ ಹೇಳಿ ಗಂಟಲು ಒಣಗಿದ ಮೇಲೆ ಬರೆದೇ ಇಡೋಣ ಅನ್ನಿಸಿತು.

ಮೆಕ್ಯಾನಿಕಲ್ ಸೀಲ್ ಅಂದರೆ ಎಂತದು? ಒಳಗೆ ಏನಿರುತ್ತದೆ?

ಪಂಪಿನ ಶಾಫ್ಟ್ ತಿರುಗಬೇಕು, ನೀರು ಹೊರಗೆ ಬರಬಾರದು. ಇವೆರಡನ್ನೂ ಒಟ್ಟಿಗೆ ಸಾಧಿಸಲು ಎರಡು ಉಂಗುರ ಇರುತ್ತವೆ. ಒಂದು ಶಾಫ್ಟಿನ ಜೊತೆ ತಿರುಗುತ್ತದೆ, ಇನ್ನೊಂದು ಕೇಸಿಂಗಿನಲ್ಲಿ ಕೂತಿರುತ್ತದೆ. ಸ್ಪ್ರಿಂಗ್ ಒಂದನ್ನು ಇನ್ನೊಂದಕ್ಕೆ ಒತ್ತಿ ಹಿಡಿಯುತ್ತದೆ. ಹಿಂದೆ ರಬ್ಬರ್ ಬೆಲ್ಲೋಸ್ (ಮಡಿಕೆಯಿರುವ ರಬ್ಬರ್ ತೋಳು) ಅಥವಾ ಓ ರಿಂಗ್ (ರಬ್ಬರ್ ಬಳೆ) ಇರುತ್ತದೆ. ಮನೆಯ ಮೋನೋಬ್ಲಾಕ್ ಪಂಪಿನಲ್ಲಿ ಸಾಮಾನ್ಯವಾಗಿ ಕಪ್ಪು ಉಂಗುರ ಕಾರ್ಬನ್, ಬಿಳಿ ಉಂಗುರ ಸೆರಾಮಿಕ್. ಇವೆರಡೂ ಉಜ್ಜುವ ಚಪ್ಪಟೆ ಜಾಗಕ್ಕೆ ನಾವು ಮುಖ ಅನ್ನುತ್ತೇವೆ. ಮುಂದಿನ ಮಾತೆಲ್ಲಾ ಈ ಮುಖದ್ದೇ.

ಎರಡು ಮುಖ ಒಂದಕ್ಕೊಂದು ಅಂಟಿಕೊಂಡೇ ತಿರುಗುತ್ತವೆ ಅಲ್ವಾ?

ನೋಡುವುದಕ್ಕೆ ಹಾಗೆ. ನಿಜವಾಗಿ ನಡುವೆ ನೀರಿನ ಒಂದು ಪದರ ಇರುತ್ತದೆ. ನೀರಿನ ಪಂಪಿನಲ್ಲಿ ಇದರ ದಪ್ಪ ಹೆಚ್ಚು ಕಡಿಮೆ ಒಂದು ಮೈಕ್ರಾನ್, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಲೆಕೂದಲು 50ರಿಂದ 100 ಮೈಕ್ರಾನ್ ದಪ್ಪ ಇರುತ್ತದೆ. ಕೂದಲನ್ನು ಉದ್ದಕ್ಕೆ ನೂರು ಸೀಳು ಮಾಡಿ ಒಂದನ್ನು ತೆಗೆದುಕೊಂಡರೆ ಆ ಪದರದ ಅಂದಾಜು ಸಿಗುತ್ತದೆ.

ಇಷ್ಟು ತೆಳು ಪದರದ ಮೇಲೆ ನಡೆಯುವ ಓಟ ಸಣ್ಣದಲ್ಲ. ಮೋನೋಬ್ಲಾಕ್ ಪಂಪು ನಿಮಿಷಕ್ಕೆ ಸುಮಾರು 2,880 ಸುತ್ತು ತಿರುಗುತ್ತದೆ. ಮುಖದ ಅಡ್ಡಳತೆ 30 ಮಿಲಿಮೀಟರ್ ಅಂತಿಟ್ಟುಕೊಂಡರೆ ಉಜ್ಜುವ ವೇಗ ಸೆಕೆಂಡಿಗೆ ನಾಲ್ಕೂವರೆ ಮೀಟರ್. ಆ ಪದರವೇ ಸೀಲಿಗೆ ಎಣ್ಣೆ, ಗ್ರೀಸ್ ಎಲ್ಲವೂ. ಪದರ ಹೋದರೆ ಸೀಲ್ ಹೋಯಿತು.

ಹಾಗಾದರೆ ಸೀಲ್ ಯಾವಾಗಲೂ ಸ್ವಲ್ಪ ಸೋರುತ್ತಲೇ ಇರುತ್ತದಾ?

ಹೌದು. ಒಳ್ಳೆಯ ಸೀಲ್ ಸೋರುವುದು ಕಣ್ಣಿಗೆ ಕಾಣುವುದಿಲ್ಲ. ಗಾಳಿಯ ಕಡೆಯ ಅಂಚಿಗೆ ಬರುವಷ್ಟರಲ್ಲಿ ಆ ನೀರು ಆವಿಯಾಗಿರುತ್ತದೆ.

ಇಲ್ಲಿ ನೆನಪಿಡಬೇಕಾದ ಲೆಕ್ಕ ಒಂದಿದೆ. ಸೋರಿಕೆ ಅಂತರದ ಘನಕ್ಕೆ ತಕ್ಕ ಹಾಗೆ ಏರುತ್ತದೆ. ಅಂತರ ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು, ಮೂರು ಪಟ್ಟಾದರೆ ಇಪ್ಪತ್ತೇಳು ಪಟ್ಟು. ಅದಕ್ಕೇ ಸೀಲ್ ಮಾಡುವವರಿಗೆ ಯಾವಾಗಲೂ ಇಕ್ಕಟ್ಟು. ಪದರ ದಪ್ಪ ಮಾಡಿದರೆ ಮುಖ ಸವೆಯುವುದಿಲ್ಲ, ಆದರೆ ನೀರು ಹೊರಗೆ. ತೆಳು ಮಾಡಿದರೆ ನೀರು ಒಳಗೆ, ಆದರೆ ಮುಖ ಉಜ್ಜಿ ಹೋಗುತ್ತದೆ.

ಮುಖದಲ್ಲಿ ತರಿ ಎಲ್ಲಿಂದ ಬರುತ್ತದೆ? ಹೊಸ ಸೀಲಿನ ಮುಖ ಕನ್ನಡಿ ಹಾಗಿದೆಯಲ್ಲ?

ಕಣ್ಣಿಗೆ ಕನ್ನಡಿ. ಮೈಕ್ರಾನ್ ಲೆಕ್ಕದಲ್ಲಿ ನೋಡಿದರೆ ಅದೂ ಘಟ್ಟದ ಸಾಲೇ, ಉಬ್ಬು ತಗ್ಗು ಇದ್ದೇ ಇರುತ್ತದೆ. ಈ ಉಬ್ಬು ತಗ್ಗಿಗೇ ತರಿ ಅನ್ನುವುದು. ಇದನ್ನು ಅಳೆಯಲು ಹೆಚ್ಚಾಗಿ ಬಳಸುವ ಸಂಖ್ಯೆಗೆ ಆರ್‌ಎ ಅನ್ನುತ್ತಾರೆ. ನಡುಗೆರೆಯಿಂದ ಉಬ್ಬು ತಗ್ಗುಗಳು ಸರಾಸರಿ ಎಷ್ಟು ದೂರ ಇವೆ ಅನ್ನುವ ಲೆಕ್ಕ ಅದು. ಕಾರ್ಬನ್ ಮುಖಕ್ಕೆ ಸಾಮಾನ್ಯವಾಗಿ 0.1ರಿಂದ 0.3 ಮೈಕ್ರಾನ್ ಆರ್‌ಎ ಇರುತ್ತದೆ. ಸಿಲಿಕಾನ್ ಕಾರ್ಬೈಡ್, ಟಂಗ್‌ಸ್ಟನ್ ಕಾರ್ಬೈಡ್ ಥರದ ಗಟ್ಟಿ ಮುಖ ಇನ್ನೂ ನುಣುಪು, 0.1ಕ್ಕಿಂತ ಕೆಳಗೆ.

ಪದರ ಅರ್ಧ ಮೈಕ್ರಾನ್, ಉಬ್ಬು ತಗ್ಗು 0.2 ಮೈಕ್ರಾನ್. ಎರಡೂ ಒಂದೇ ಅಳತೆಯ ಆಸುಪಾಸಿನಲ್ಲಿವೆ ನೋಡಿ. ತರಿ ಸ್ವಲ್ಪ ಹೆಚ್ಚು ಕಡಿಮೆ ಆದರೂ ಸೀಲಿನ ಕಥೆ ಬದಲಾಗುವುದು ಇದರಿಂದಲೇ.

ಪದರಕ್ಕೂ ತರಿಗೂ ಇರುವ ಸಂಬಂಧ ಸರಳವಾಗಿ ಹೇಳಿ.

ಅಳಿವೆಯಲ್ಲಿ ದೋಣಿ ಒಳಗೆ ತರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಾಳಿಯೋ, ಗಂಗಾವಳಿಯೋ, ಅಘನಾಶಿನಿಯೋ, ನದಿ ಸಮುದ್ರ ಸೇರುವ ಬಾಯಿಯಲ್ಲಿ ಮರಳ ದಿಬ್ಬ ಇರುತ್ತದೆ. ಭರತ ಇದ್ದಾಗ ದೋಣಿ ಸಲೀಸಾಗಿ ಬರುತ್ತದೆ. ಇಳಿತದಲ್ಲಿ ತಳ ತಾಗುತ್ತದೆ. ದಿಬ್ಬದ ಎತ್ತರ ಮಾತ್ರ ಗೊತ್ತಿದ್ದರೆ ಸಾಲದು, ಅವತ್ತಿನ ನೀರು ಎಷ್ಟಿದೆ ಅನ್ನುವುದೂ ಬೇಕು.

ಸೀಲಿನಲ್ಲೂ ಹಾಗೇ. ಪದರದ ದಪ್ಪವನ್ನು ಎರಡೂ ಮುಖದ ಒಟ್ಟು ತರಿಯಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಲ್ಯಾಂಬ್ಡಾ ಅನ್ನುತ್ತಾರೆ. ಅದು ಮೂರಕ್ಕಿಂತ ಮೇಲಿದ್ದರೆ ಪೂರ್ತಿ ತೇಲು, ಮುಖಕ್ಕೆ ಮುಖ ತಾಗುವುದಿಲ್ಲ. ಒಂದಕ್ಕಿಂತ ಕೆಳಗಿದ್ದರೆ ಉಬ್ಬುಗಳೇ ಭಾರ ಹೊರುತ್ತವೆ, ಸವೆತ ಜೋರು. ಒಂದರಿಂದ ಮೂರರ ನಡುವೆ ಇದ್ದರೆ ಮಿಶ್ರ ಸ್ಥಿತಿ, ಅಂದರೆ ಸ್ವಲ್ಪ ಭಾರ ನೀರು ಹೊರುತ್ತದೆ, ಸ್ವಲ್ಪ ಉಬ್ಬುಗಳು. ನೀರಿನ ಪಂಪಿನ ಸೀಲುಗಳು ಬಹಳಷ್ಟು ಬದುಕುವುದು ಈ ನಡುವಿನ ಜಾಗದಲ್ಲೇ. ವೇಗ, ದ್ರವದ ಮಂದ, ಒತ್ತಡ ಬದಲಾದ ಹಾಗೆ ಘರ್ಷಣೆ ಹೇಗೆ ಇಳಿದು ಮತ್ತೆ ಏರುತ್ತದೆ ಅನ್ನುವುದನ್ನು 1902ರಲ್ಲಿ ಜರ್ಮನಿಯ ರಿಚರ್ಡ್ ಸ್ಟ್ರಿಬೆಕ್ ಬೇರಿಂಗುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಈ ಏರಿಳಿತ ತೋರಿಸುವ ಗೆರೆಗೆ ಈಗಲೂ ಅವರದ್ದೇ ಹೆಸರು.

ಬಿಳಿ ಉಂಗುರ ಇನ್ನೂ ನುಣುಪು ಮಾಡಿದರೆ ಒಟ್ಟು ತರಿ ಕಡಿಮೆಯಾಗುತ್ತದಲ್ಲ?

ಈ ಲೆಕ್ಕ ನಾನೂ ಮೊದಲು ತಪ್ಪೇ ಮಾಡಿದ್ದೆ. ಎರಡು ಮುಖದ ತರಿಯನ್ನು ಸುಮ್ನೆ ಕೂಡಿಸುವುದಲ್ಲ. ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಬೇಕು. ಕಾರ್ಬನ್ 0.2, ಬಿಳಿ ಉಂಗುರದ ಗಟ್ಟಿ ಮುಖ 0.05 ಅಂತಿಟ್ಟುಕೊಳ್ಳಿ. ಒಟ್ಟು ಬರುವುದು 0.206. ಈಗ ಕಷ್ಟಪಟ್ಟು ಗಟ್ಟಿ ಮುಖವನ್ನು 0.02ಕ್ಕೆ ಇಳಿಸಿದಿರಿ. ಒಟ್ಟು 0.201. ಇಡೀ ದಿನ ಡೈಮಂಡ್ ಪೇಸ್ಟ್ (ವಜ್ರದ ಪುಡಿ ಬೆರೆಸಿದ ಪೇಸ್ಟ್) ಸವೆಸಿ ಸಿಕ್ಕಿದ್ದು ಇಷ್ಟೇ. (ಈ ಲೆಕ್ಕಕ್ಕೆ ಆರ್‌ಎ ಬದಲು ಅದರ ಅಣ್ಣನಂಥ ಆರ್‌ಕ್ಯೂ ಅನ್ನುವ ಸಂಖ್ಯೆ ಬಳಸುತ್ತಾರೆ. ಅದು ಸ್ವಲ್ಪ ದೊಡ್ಡದಿರುತ್ತದೆ, ಮಾತಿನ ಸಾರ ಅದೇ.)

ಹಾಗಂತ ಗಟ್ಟಿ ಮುಖ ಒರಟಾಗಿದ್ದರೂ ನಡೆಯುತ್ತದೆ ಅಂತಲ್ಲ. ಗಟ್ಟಿ ಮುಖದ ಒಂದೊಂದು ಉಬ್ಬೂ ಮೆತ್ತಗಿನ ಕಾರ್ಬನ್ನನ್ನು ಅರದ ಹಾಗೆ ತಿನ್ನುತ್ತದೆ. ಕಾರ್ಬನ್ನಿನ ಉಬ್ಬು ತಾನೇ ಸವೆದು ಹೋಗುತ್ತದೆ, ಗಟ್ಟಿ ಮುಖದ ಉಬ್ಬು ಹೋಗುವುದಿಲ್ಲ. ಅದನ್ನು ನುಣುಪಾಗಿ ಇಡುವುದು ಪದರಕ್ಕಿಂತ ಜಾಸ್ತಿ ಕಾರ್ಬನ್ನಿನ ಆಯುಷ್ಯಕ್ಕೆ.

ಎರಡನ್ನೂ ಕನ್ನಡಿ ಹಾಗೆ ಪಾಲಿಶ್ ಮಾಡಿದರೆ ಏನು ತೊಂದರೆ?

ನನ್ನದೇ ಕಥೆ ಹೇಳುತ್ತೇನೆ. ಕೆಲಸ ಕಲಿತ ಹೊಸತು. ಸಿಗಡಿ ಕೆರೆಯ ಒಂದು ಪಂಪಿನ ಸೀಲ್ ಬಂದಿತ್ತು. ಉತ್ಸಾಹದಲ್ಲಿ ಎರಡು ಮುಖವನ್ನೂ ಮುಖ ಕಾಣುವ ಹಾಗೆ ಪಾಲಿಶ್ ಮಾಡಿ ಕೂರಿಸಿಕೊಟ್ಟೆ. ಒಂದು ಹನಿ ಸೋರಲಿಲ್ಲ. ಕೆರೆಯವರು ಚಹಾ ಕೊಡಿಸಿ ಕಳಿಸಿದರು. ನಾಲ್ಕು ದಿನ ಪಂಪು ನಿಂತಿತ್ತು. ಐದನೇ ದಿನ ಬೆಳಿಗ್ಗೆ ಫೋನು: ಮೋಟಾರು ಗೊಂಯ್ ಅನ್ನುತ್ತದೆ, ತಿರುಗುವುದಿಲ್ಲ, ಸ್ಟಾರ್ಟರ್ ಟ್ರಿಪ್ ಆಗುತ್ತದೆ. ಹೋಗಿ ಬಿಚ್ಚುವಷ್ಟರಲ್ಲಿ ಅವರು ಶಾಫ್ಟಿಗೆ ಪಾನಾ ಹಾಕಿ ತಿರುಗಿಸಿಯೂ ಆಗಿತ್ತು. ಎರಡು ಮುಖ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಹಿಂದಿನ ರಬ್ಬರ್ ಬೆಲ್ಲೋಸ್ ಹಿಂಡಿದ ಬಟ್ಟೆಯ ಹಾಗೆ ತಿರುಚಿ ಹರಿದಿತ್ತು. ಕಾರ್ಬನ್ನನ್ನು ಬೆರಳಲ್ಲಿ ಎಳೆದರೆ ಬರಲಿಲ್ಲ. ಪಕ್ಕಕ್ಕೆ ಜಾರಿಸಿದಾಗ ಮೆಲ್ಲಗೆ ಬಿಟ್ಟಿತು.

ಎರಡು ಗಾಜಿನ ಹಲಗೆ ನಡುವೆ ನೀರು ಬಿದ್ದರೆ ಬಿಡಿಸಲು ಎಷ್ಟು ಕಷ್ಟ ಗೊತ್ತಲ್ಲ, ಹಾಗೇ ಇದು. ಟೂಲ್ ರೂಮಿನಲ್ಲಿ ಸ್ಲಿಪ್ ಗೇಜ್ ಅನ್ನುವ ಅಳತೆಯ ತುಂಡುಗಳನ್ನು ಒಂದರ ಮೇಲೊಂದು ಒತ್ತಿ ಜಾರಿಸಿ ಅಂಟಿಸುತ್ತಾರೆ. ಅಲ್ಲಿ ಬೇಕಂತ ಮಾಡುವುದನ್ನು ನಾನಿಲ್ಲಿ ಬೇಡದೆ ಮಾಡಿದ್ದೆ.

ಅಂಟುವುದು ಒಂದು ತೊಂದರೆ. ಇನ್ನೊಂದು, ನೀರು ನಿಲ್ಲಲು ತಗ್ಗೇ ಉಳಿಯುವುದಿಲ್ಲ. ಸ್ಟಾರ್ಟ್ ಮಾಡಿದ ಮೊದಲ ಕ್ಷಣದಲ್ಲಿ ವೇಗ ಇಲ್ಲ, ಪದರ ಇನ್ನೂ ಕಟ್ಟಿಕೊಂಡಿಲ್ಲ. ಆಗ ಕೈಹಿಡಿಯುವುದು ತಗ್ಗುಗಳಲ್ಲಿ ಕೂತ ನೀರು. ಗದ್ದೆಯ ಹಾಳಿ ಕಿತ್ತು ಸಪಾಟು ಮಾಡಿಬಿಟ್ಟರೆ ನೀರು ಎಲ್ಲಿ ನಿಲ್ಲಬೇಕು?

ತಗ್ಗು ನೀರು ಹಿಡಿದಿಡುತ್ತದೆ, ಸರಿ. ಉಬ್ಬಿನಿಂದ ಏನಾದರೂ ಉಪಯೋಗ ಇದೆಯಾ?

ಇದೆ. ನನಗೆ ತುಂಬಾ ಇಷ್ಟದ ಭಾಗವೂ ಇದೇ.

ಎರಡು ಮುಖ ಪೂರ್ತಿ ಸಪಾಟಾಗಿ, ಒಂದಕ್ಕೊಂದು ಸಮಾಂತರವಾಗಿ ತಿರುಗಿದರೆ ನೀರಿನಲ್ಲಿ ಎತ್ತುವ ಒತ್ತಡ ಹುಟ್ಟುವುದಿಲ್ಲ. ಪುಸ್ತಕದ ಸರಳ ಲೆಕ್ಕ ಹೇಳುವುದು ಹಾಗೆ. ಆದರೆ ನಿಜವಾದ ಸೀಲ್ ಎತ್ತಿಕೊಳ್ಳುತ್ತದೆ, ಅದನ್ನು ಎಲ್ಲರೂ ನೋಡಿದ್ದಾರೆ. ಹೇಗೆ? 1966ರಲ್ಲಿ ಹ್ಯಾಮಿಲ್ಟನ್, ವಾಲೊವಿಟ್, ಆಲನ್ ಅನ್ನುವ ಮೂವರು ಉತ್ತರ ಮುಂದಿಟ್ಟರು: ಸಣ್ಣ ಸಣ್ಣ ಉಬ್ಬು ತಗ್ಗುಗಳೇ ಎತ್ತುತ್ತವೆ.

ಒಂದು ಉಬ್ಬಿನ ಮುಂದೆ ನೀರು ಇಕ್ಕಟ್ಟಿಗೆ ನುಗ್ಗುತ್ತದೆ, ಒತ್ತಡ ಏರುತ್ತದೆ. ಉಬ್ಬಿನ ಹಿಂದೆ ಜಾಗ ಅಗಲವಾಗುತ್ತದೆ, ಒತ್ತಡ ಇಳಿಯುತ್ತದೆ. ಏರಿದ್ದೂ ಇಳಿದದ್ದೂ ಸಮ ಆದರೆ ಒಟ್ಟು ಲಾಭ ಸೊನ್ನೆ. ಆದರೆ ಇಳಿಯುವುದಕ್ಕೆ ಒಂದು ನೆಲ ಇದೆ. ಒತ್ತಡ ತೀರಾ ಇಳಿದರೆ ನೀರಿನ ಪದರ ತುಂಡಾಗಿ ಅಲ್ಲಿ ಆವಿಯ, ಗಾಳಿಯ ಗುಳ್ಳೆ ಹುಟ್ಟುತ್ತದೆ. ಅದಕ್ಕಿಂತ ಕೆಳಗೆ ಒತ್ತಡ ಹೋಗುವುದಿಲ್ಲ. ಏರುವುದಕ್ಕೆ ಅಂಥ ಮಿತಿ ಇಲ್ಲ. ಹಾಗಾಗಿ ಕೂಡಿಸಿ ಕಳೆದರೆ ಎತ್ತುವ ಕಡೆಗೆ ಒಂದಿಷ್ಟು ಉಳಿಯುತ್ತದೆ. ಸಾವಿರಾರು ಉಬ್ಬುಗಳು ಒಂದೊಂದು ಚಿಟಿಕೆ ಕೊಟ್ಟರೂ ಉಂಗುರ ಮೇಲೇಳುತ್ತದೆ.

ಈ ವಿಚಾರವನ್ನೇ ಹಿಡಿದು ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ಇಝಾಕ್ ಎಟ್ಸಿಯಾನ್ 1990ರ ದಶಕದಲ್ಲಿ ಸೀಲಿನ ಮುಖದ ಮೇಲೆ ಲೇಸರಿನಿಂದ ಸಾಲು ಸಾಲು ಗುಳಿ ಕೊರೆಯುವ ಕೆಲಸ ಮಾಡಿದರು. ಒಂದೊಂದು ಗುಳಿ ಸುಮಾರು 100 ಮೈಕ್ರಾನ್ ಅಗಲ, ಕೆಲವು ಮೈಕ್ರಾನ್ ಆಳ. ನೀರಿನ ಬದಲು ಗ್ಯಾಸಿನ ಪದರದ ಮೇಲೆ ಓಡುವ, ಗ್ಯಾಸ್ ಕಂಪ್ರೆಸರಿನ ಡ್ರೈ ಗ್ಯಾಸ್ ಸೀಲಿನಲ್ಲೂ ಸುರುಳಿ ಗೀರುಗಳು ಕೆಲವೇ ಮೈಕ್ರಾನ್ ಆಳ ಇರುತ್ತವೆ. ಅಲ್ಲಿ ತಗ್ಗನ್ನು ದುಡ್ಡು ಕೊಟ್ಟು ಕೊರೆಸುತ್ತಾರೆ. ನಾವಿಲ್ಲಿ ಇರುವ ತಗ್ಗನ್ನು ಉಜ್ಜಿ ತೆಗೆಯಿರಿ ಅನ್ನುತ್ತೇವೆ.

ಎರಡು ಸೀಲಿನ ಆರ್‌ಎ ಒಂದೇ ಇದೆ. ಒಂದು ಬಾಳುತ್ತದೆ, ಒಂದು ಬಾಳುವುದಿಲ್ಲ. ಯಾಕೆ?

ಆರ್‌ಎ ಸರಾಸರಿ ಮಾತ್ರ ಹೇಳುತ್ತದೆ, ಆಕಾರ ಹೇಳುವುದಿಲ್ಲ. ಒಂದು ಮುಖದಲ್ಲಿ ಚೂಪು ಉಬ್ಬುಗಳು ಮೇಲಕ್ಕೆ ಎದ್ದು ನಿಂತಿವೆ ಅನ್ನಿ. ಇನ್ನೊಂದರಲ್ಲಿ ಮೇಲ್ಭಾಗ ಸಪಾಟು, ಅಲ್ಲಲ್ಲಿ ಆಳ ತಗ್ಗು. ಎರಡರ ಆರ್‌ಎಯೂ 0.2 ಬರಬಹುದು. ಹಲಸಿನ ಹಣ್ಣಿನ ಸಿಪ್ಪೆಯನ್ನೂ ಕಾವಲಿಯಲ್ಲಿ ಬೆಂದ ದೋಸೆಯ ಮೇಲ್ಮೈಯನ್ನೂ ನೆನಪಿಸಿಕೊಳ್ಳಿ. ಒಂದರಲ್ಲಿ ಮುಳ್ಳು ಮೇಲೆ, ಇನ್ನೊಂದರಲ್ಲಿ ತೂತು ಒಳಗೆ.

ಸೀಲಿಗೆ ಬೇಕಾದ್ದು ದೋಸೆ. ಭಾರ ಹೊರಲು ಅಗಲವಾದ ಸಪಾಟು ಜಾಗ, ನೀರು ಹಿಡಿಯಲು ತಗ್ಗು. ಇದನ್ನು ಹೇಳುವ ಸಂಖ್ಯೆಯ ಹೆಸರು ಸ್ಕ್ಯೂನೆಸ್, ರಿಪೋರ್ಟಿನಲ್ಲಿ ಆರ್‌ಎಸ್‌ಕೆ. ಇದು ಮೈನಸ್ ಇದ್ದರೆ ದೋಸೆ, ಪ್ಲಸ್ ಇದ್ದರೆ ಹಲಸು. ಮುಖ ಅಳೆಸುತ್ತೀರಾದರೆ ಆರ್‌ಎ ಜೊತೆ ಇದನ್ನೂ ಕೇಳಿ ತೆಗೆದುಕೊಳ್ಳಿ.

ಹೊಸ ಸೀಲ್ ಹಾಕಿದ ಮೊದಲ ದಿನ ಒಂದೆರಡು ಹನಿ ಬರುತ್ತದೆ. ವಾಪಸ್ ತರಬೇಕಾ?

ತಕ್ಷಣ ಬೇಡ. ಮೊದಲ ಕೆಲವು ಗಂಟೆ ಕಾರ್ಬನ್ನಿನ ಚೂಪು ಉಬ್ಬುಗಳು ಸವೆದು ಮುಖಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಹಲಸು ದೋಸೆಯಾಗುವ ಹೊತ್ತು ಅದು. ಆಮೇಲೆ ಹನಿ ನಿಲ್ಲಬೇಕು. ನಿಲ್ಲದಿದ್ದರೆ, ಅಥವಾ ಜಾಸ್ತಿಯಾಗುತ್ತಾ ಹೋದರೆ ತನ್ನಿ.

ಒಮ್ಮೆ ಹೊಂದಿಕೊಂಡ ಜೋಡಿಯನ್ನು ಮಾತ್ರ ಅಗಲಿಸಬೇಡಿ. ಹಳೆ ಕಾರ್ಬನ್ನಿಗೆ ಹೊಸ ಸೆರಾಮಿಕ್ ಹಾಕಿ ಇನ್ನೂರು ರೂಪಾಯಿ ಉಳಿಸಲು ಹೋದವರು ತಿಂಗಳೊಳಗೆ ಮತ್ತೆ ಬಂದಿದ್ದಾರೆ.

ನುಣುಪು, ಸಪಾಟು ಎರಡೂ ಒಂದೇ ಅಲ್ವಾ? ವ್ಯತ್ಯಾಸ ಏನು?

ಅಂಗಳಕ್ಕೆ ಸಗಣಿ ಸಾರಿಸಿದರೆ ನುಣುಪಾಗುತ್ತದೆ. ಆದರೆ ಮಳೆ ಬಂದರೆ ಒಂದು ಮೂಲೆಯಲ್ಲಿ ನೀರು ನಿಲ್ಲುತ್ತದೆ, ಅಂದರೆ ಅಂಗಳ ಸಪಾಟಿಲ್ಲ. ತರಿ ಅನ್ನುವುದು ಬೆರಳ ತುದಿಯಷ್ಟು ಜಾಗದ ಮಾತು. ಸಪಾಟು ಅನ್ನುವುದು ಇಡೀ ಮುಖದ ಮಾತು.

ಸಪಾಟು ನೋಡುವುದು ಬೆಳಕಿನಲ್ಲಿ. ಸೋಡಿಯಂ ದೀಪದ ಹಳದಿ ಬೆಳಕಿನ ಕೆಳಗೆ ಆಪ್ಟಿಕಲ್ ಫ್ಲಾಟ್ ಅನ್ನುವ ದಪ್ಪ ಗಾಜನ್ನು ಮುಖದ ಮೇಲೆ ಮೆಲ್ಲಗೆ ಇಡುತ್ತೇವೆ. ಕಪ್ಪು ಗೆರೆಗಳು ಮೂಡುತ್ತವೆ. ಗೆರೆ ನೇರ, ಸಮ ಅಂತರದಲ್ಲಿದ್ದರೆ ಮುಖ ಸಪಾಟು. ಬಾಗಿದ್ದರೆ ಎಷ್ಟು ಬಾಗಿದೆ ಅಂತ ಎಣಿಸುತ್ತೇವೆ. ಒಂದು ಗೆರೆಯ ಬೆಲೆ 0.29 ಮೈಕ್ರಾನ್, ಅಂದರೆ ಆ ಬೆಳಕಿನ ತರಂಗದ ಅರ್ಧ. ಸಾಮಾನ್ಯ ಸೀಲಿಗೆ ಎರಡು ಮೂರು ಗೆರೆಯೊಳಗೆ ಇರಬೇಕು. ಕೈಯಲ್ಲಿ ಹಿಡಿದು ಬಂದ ಉಂಗುರವನ್ನು ಕೂಡಲೇ ನೋಡಬಾರದು. ಅಂಗೈಯ ಬಿಸಿಗೇ ಗೆರೆ ಸೊಟ್ಟಗಾಗುತ್ತದೆ. ಕಬ್ಬಿಣದ ಹಲಗೆಯ ಮೇಲಿಟ್ಟು ಒಂದು ಚಹಾ ಕುಡಿದು ಬಂದು ನೋಡಿದರೆ ಗೆರೆ ಸುಮ್ನೆ ನಿಂತಿರುತ್ತದೆ.

ಮಬ್ಬು ಮುಖದಲ್ಲಿ ಗೆರೆ ಕಾಣುವುದಿಲ್ಲ. ಅದಕ್ಕಾಗಿ ನೋಡುವ ಮೊದಲು ಸ್ವಲ್ಪ ಪಾಲಿಶ್ ಕೊಡಲೇಬೇಕು. ಪಾಲಿಶ್ ಆದ ಮುಖವೇ ಒಳ್ಳೆಯ ಮುಖ ಅನ್ನುವ ನಂಬಿಕೆ ಇಲ್ಲಿಂದಲೇ ಹುಟ್ಟಿರಬೇಕು ಅಂತ ನನ್ನ ಗುಮಾನಿ.

ಮೊದಲು ಸಪಾಟು, ಆಮೇಲೆ ತರಿ. ಸೊಟ್ಟ ಮುಖಕ್ಕೆ ಎಷ್ಟು ಪಾಲಿಶ್ ಕೊಟ್ಟರೂ ಅದು ಫಳಫಳ ಹೊಳೆಯುವ ಸೊಟ್ಟ ಮುಖವೇ.

ಮನೆಯಲ್ಲೇ ಎಮರಿ ಕಾಗದದಲ್ಲಿ ಉಜ್ಜಬಹುದಾ?

ಶಿರಸಿ ಕಡೆಯಿಂದ ಈ ಪ್ರಶ್ನೆ ಜಾಸ್ತಿ. ತೋಟಕ್ಕೆ ನೀರು ಬಿಡುವ ಹೊತ್ತಿಗೇ ಸೀಲ್ ಹೋಗುತ್ತದೆ, ಪೇಟೆ ದೂರ, ಅರ್ಥವಾಗುತ್ತದೆ. ಆದರೂ ಬೇಡ ಅನ್ನುತ್ತೇನೆ. 1000 ನಂಬರ್ ಕಾಗದದ ಒಂದು ಕಣ ಸುಮಾರು 18 ಮೈಕ್ರಾನ್. 2000 ನಂಬರಿನದ್ದು 10 ಮೈಕ್ರಾನ್. ಬೆರಳಿಗೆ ರೇಷ್ಮೆ ಅನ್ನಿಸಬಹುದು, ಅರ್ಧ ಮೈಕ್ರಾನ್ ಪದರದ ಎದುರು ಅದು ಜಲ್ಲಿ ಕಲ್ಲು. ಕೈಯಲ್ಲಿ ಉಜ್ಜಿದರೆ ಅಂಚು ಉರುಟಾಗುತ್ತದೆ, ಸಪಾಟು ಹೋಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಉದುರಿದ ಕಣ ಕಾರ್ಬನ್ನಿನಲ್ಲಿ ಹೂತು ಕೂರುತ್ತದೆ. ಆಮೇಲೆ ನಿಮ್ಮ ಕಾರ್ಬನ್ನೇ ಎಮರಿ ಕಾಗದ, ಸೆರಾಮಿಕ್ಕನ್ನು ಅದು ತಿನ್ನುತ್ತದೆ.

ನಾವು ಲ್ಯಾಪಿಂಗ್ (ಪೇಸ್ಟ್ ಹಚ್ಚಿ ಉಜ್ಜಿ ಮುಖ ಸರಿಮಾಡುವ ಕೆಲಸ) ಮಾಡುವುದು ಸಪಾಟಾದ ಎರಕದ ಕಬ್ಬಿಣದ ತಟ್ಟೆಯ ಮೇಲೆ. ಮೂರು ಮೈಕ್ರಾನ್, ಕೊನೆಗೆ ಒಂದು ಮೈಕ್ರಾನ್ ಡೈಮಂಡ್ ಪೇಸ್ಟ್. ಕಾರ್ಬನ್ನಿಗೆ ಬೇರೆ ತಟ್ಟೆ, ಗಟ್ಟಿ ಮುಖಕ್ಕೆ ಬೇರೆ. ಒರೆಸುವ ಬಟ್ಟೆಯೂ ಬೇರೆ. ಹುಡುಗರಿಗೆ ನಾನು ಬೈಯುವುದಿದ್ದರೆ ಈ ಬಟ್ಟೆ ಅದಲು ಬದಲು ಮಾಡಿದ್ದಕ್ಕೆ ಮಾತ್ರ.

ಸಮುದ್ರದ ನೀರಿಗೆ, ಹಿನ್ನೀರಿಗೆ ಸೀಲ್ ಬೇಗ ಹೋಗುತ್ತದೆ. ಉಪ್ಪು ತಿನ್ನುತ್ತದಾ?

ಲೋಹದ ಭಾಗಗಳನ್ನು ತಿನ್ನುತ್ತದೆ. ಮುಖದ ವಿಷಯ ಬೇರೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಪದರದ ನೀರು ಗಾಳಿಯ ಕಡೆಯ ಅಂಚಿನಲ್ಲಿ ಆವಿಯಾದಾಗ ಉಪ್ಪು ಅಲ್ಲೇ ಉಳಿಯುತ್ತದೆ. ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಬಿಸಿಲಿಗೆ ನಡೆಯುವುದೇ ಇಲ್ಲಿ ಸೀಲಿನ ಅಂಚಿನಲ್ಲಿ ನಡೆಯುತ್ತದೆ. ಪಂಪು ಓಡುವಾಗ ತೊಂದರೆ ಕಡಿಮೆ. ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಬೋಟು ನಿಂತಿರುತ್ತದೆ, ಹರಳು ಕಟ್ಟುತ್ತದೆ. ಮತ್ತೆ ಸ್ಟಾರ್ಟ್ ಮಾಡಿದ ಕೂಡಲೇ ಹರಳು ಮುಖದ ನಡುವೆ ಪುಡಿಯಾಗಿ ಗೀರು ಎಳೆಯುತ್ತದೆ. ಗೀರಿನಿಂದ ಸೋರಿಕೆ, ಸೋರಿಕೆಯಿಂದ ಇನ್ನಷ್ಟು ಉಪ್ಪು. ಬೋಟು ನಿಲ್ಲಿಸುವ ಮೊದಲು ಹತ್ತು ನಿಮಿಷ ಸಿಹಿ ನೀರು ಓಡಿಸಿದರೆ ಈ ಸುತ್ತು ಶುರುವಾಗುವುದೇ ಇಲ್ಲ.

ಸಿಗಡಿ ಕೆರೆಯಲ್ಲಿ ಉಪ್ಪಿನ ಜೊತೆ ಹೂಳು, ಮರಳು. ಕಣ ಪದರದೊಳಗೆ ಹೊಕ್ಕರೆ ಕಾರ್ಬನ್ ತಡೆಯುವುದಿಲ್ಲ. ಅಲ್ಲಿ ಎರಡೂ ಕಡೆ ಸಿಲಿಕಾನ್ ಕಾರ್ಬೈಡ್ ಹಾಕಿಸಿ. ಬೆಲೆ ಜಾಸ್ತಿ. ಇನ್ನೊಂದು ಎಚ್ಚರಿಕೆ: ಗಟ್ಟಿಗೆ ಗಟ್ಟಿ ಜೋಡಿಗೆ ನೀರಿಲ್ಲದೆ ಓಡುವುದು ಸ್ವಲ್ಪವೂ ಆಗುವುದಿಲ್ಲ. ಕಾರ್ಬನ್ ಇದ್ದರೆ ಅದರ ಗ್ರಾಫೈಟ್ ತಾನೇ ಒಂದಿಷ್ಟು ಜಾರಿಕೆ ಕೊಡುತ್ತದೆ, ಇಲ್ಲಿ ಅದಿಲ್ಲ.

ಏಪ್ರಿಲ್ ಮೇನಲ್ಲಿ ಬಾವಿ ತಳ ಕಂಡಾಗ ಪಂಪು ಖಾಲಿ ಓಡುತ್ತದೆ. ಎಷ್ಟು ಹೊತ್ತು ತಡೆಯುತ್ತದೆ?

ನಿಮಿಷದ ಲೆಕ್ಕ ಕೇಳಬೇಡಿ. ನೀರಿಲ್ಲದಿದ್ದರೆ ಲ್ಯಾಂಬ್ಡಾ, ತರಿ ಯಾವ ಮಾತೂ ಉಳಿಯುವುದಿಲ್ಲ, ಬರೀ ಬೆಂಕಿ. ಬಿಸಿಯಾದ ಸೆರಾಮಿಕ್ ಮೇಲೆ ತಣ್ಣಗಿನ ನೀರು ಬಿದ್ದರೆ ಟಕ್ ಅಂತ ಸೀಳುತ್ತದೆ. ಪಂಪು ಖಾಲಿ ಓಡಿದ್ದು ಗೊತ್ತಾದರೆ ಮೊದಲು ಆಫ್ ಮಾಡಿ, ಪೂರ್ತಿ ಆರಲು ಬಿಡಿ, ಆಮೇಲೆ ನೀರು ತುಂಬಿಸಿ. ಗಾಬರಿಯಲ್ಲಿ ಕೊಡ ಹೊಯ್ಯುವವರೇ ಜಾಸ್ತಿ.

ಬಿಸಿ ನೀರಿನ ಪಂಪಿಗೆ ಅದೇ ಸೀಲ್ ಯಾಕೆ ಬಾಳುವುದಿಲ್ಲ?

ನೀರು ಬಿಸಿಯಾದಷ್ಟೂ ತೆಳ್ಳಗಾಗುತ್ತದೆ. 20 ಡಿಗ್ರಿಯಲ್ಲಿ ಅದರ ಮಂದ 1 ಅಂದರೆ, 60 ಡಿಗ್ರಿಯಲ್ಲಿ 0.47, 80 ಡಿಗ್ರಿಯಲ್ಲಿ 0.35. ಮಂದ ಕಡಿಮೆಯಾದರೆ ಪದರ ತೆಳು. ತರಿ ಮಾತ್ರ ಅಷ್ಟೇ ಇದೆ. ಅಳಿವೆಯ ಮಾತಿನಲ್ಲಿ ಹೇಳುವುದಾದರೆ ಇಳಿತ ಬಂತು, ದಿಬ್ಬ ಅಲ್ಲೇ ಇದೆ. ಜೊತೆಗೆ ಉಜ್ಜುವ ಬಿಸಿಗೆ ಪದರದ ನೀರು ಕುದಿದು ಆವಿಯಾಗಬಹುದು. ಸೀಲಿನ ಹತ್ತಿರ ಚಟ್ ಚಟ್ ಸದ್ದು, ಆಗಾಗ ಪುಸ್ ಅಂತ ಹಬೆ ಬಂದರೆ ಅದೇ.

ಐಸ್ ಪ್ಲಾಂಟಿನ ಅಮೋನಿಯಾ ಕಂಪ್ರೆಸರಿಗೂ ಇದೇ ನಿಯಮವಾ?

ನಿಯಮ ಅದೇ, ಅನುಕೂಲ ಜಾಸ್ತಿ. ಅಲ್ಲಿ ಮುಖದ ನಡುವೆ ಇರುವುದು ಎಣ್ಣೆ. 68 ಗ್ರೇಡ್ ಎಣ್ಣೆ 40 ಡಿಗ್ರಿಯಲ್ಲಿ ಅದೇ ಬಿಸಿಯ ನೀರಿಗಿಂತ ಸುಮಾರು ನೂರು ಪಟ್ಟು ಮಂದ. ಹಾಗಾಗಿ ಪದರ ದಪ್ಪ, ಸಣ್ಣ ತರಿಯನ್ನು ಮುಚ್ಚಿಕೊಳ್ಳುತ್ತದೆ. ಶಾಫ್ಟ್ ಸೀಲಿನಿಂದ ಒಂದೊಂದು ಹನಿ ಎಣ್ಣೆ ಬರುವುದು ದೊಡ್ಡ ವಿಷಯವಲ್ಲ. ಅಮೋನಿಯಾ ವಾಸನೆ ಬಂದರೆ ಮಾತ್ರ ಕೂಡಲೇ ನಿಲ್ಲಿಸಿ ಗೊತ್ತಿದ್ದವರನ್ನು ಕರೆಯಿರಿ. ಅದನ್ನು ನೀವೇ ಬಿಚ್ಚುವ ಸಾಹಸ ಬೇಡ.

ಆಯಿಲ್ ಸೀಲ್ ಕೂರುವ ಶಾಫ್ಟನ್ನಾದರೂ ಪೂರ್ತಿ ನುಣುಪು ಮಾಡಬಹುದಾ?

ಅಲ್ಲೂ ಇಲ್ಲ. (ಆಯಿಲ್ ಸೀಲ್ ಅಂದರೆ ರಬ್ಬರ್ ತುಟಿ ನೇರ ಶಾಫ್ಟಿನ ಮೇಲೆ ಉಜ್ಜುವ ಸೀಲ್.) ಶಾಫ್ಟಿನ ಆರ್‌ಎ 0.2ರಿಂದ 0.8 ಮೈಕ್ರಾನ್ ಇರಲಿ ಅನ್ನುವುದು ರೂಢಿ. 0.2ಕ್ಕಿಂತ ನುಣುಪಾದರೆ ಎಣ್ಣೆ ನಿಲ್ಲದೆ ರಬ್ಬರ್ ತುಟಿ ಸುಟ್ಟು ಗಟ್ಟಿಯಾಗುತ್ತದೆ. ಮೇಲಿನ ಮಿತಿಯ ಜೊತೆ ಕೆಳಗಿನ ಮಿತಿಯನ್ನೂ ಬರೆದಿಟ್ಟಿದ್ದಾರೆ ನೋಡಿ.

ಕೂರಿಸುವಾಗ ಮುಖಕ್ಕೆ ಗ್ರೀಸ್ ಹಚ್ಚಬಹುದಾ?

ಬೇಡ. ಶುದ್ಧ ನೀರು ಸಾಕು. ಗ್ರೀಸ್ ತಗ್ಗುಗಳಲ್ಲಿ ಕೂತು ಧೂಳು ಹಿಡಿಯುತ್ತದೆ, ಬಿಸಿಗೆ ಕಪ್ಪಾಗಿ ಕಟ್ಟುತ್ತದೆ. ರಬ್ಬರ್ ಜಾರಲು ಸಾಬೂನು ನೀರು ಹಚ್ಚಿ. ಇಪಿಡಿಎಂ ಅನ್ನುವ ಜಾತಿಯ ರಬ್ಬರಿಗೆ ಮಿನರಲ್ ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ.

ತರಿ ಅಳೆಯುವುದು ಹೇಗೆ? ಉಗುರಿನಲ್ಲಿ ಗೊತ್ತಾಗುವುದಿಲ್ಲವಾ?

ಉಗುರಿಗೆ ತಡೆದರೆ ಆ ಗೀರು ಆಗಲೇ ಮಿತಿ ಮೀರಿದೆ ಅಂತ ಅರ್ಥ, ಅಷ್ಟಕ್ಕೆ ಉಗುರು ಸಾಕು. ಸರಿಯಾಗಿ ಅಳೆಯಲು ಸ್ಟೈಲಸ್ ಯಂತ್ರ ಬೇಕು. ಸೂಜಿಯ ತುದಿ ಮುಖದ ಮೇಲೆ ಎಳೆದುಕೊಂಡು ಹೋಗುತ್ತದೆ. ಇಲ್ಲೊಂದು ಎಡವಟ್ಟು ಆಗಾಗ ಆಗುತ್ತದೆ. ಕಟ್ ಆಫ್ ಉದ್ದ ಅಂತ ಒಂದು ಸೆಟ್ಟಿಂಗ್ ಇರುತ್ತದೆ, ಎಷ್ಟು ಉದ್ದದವರೆಗಿನ ಏರಿಳಿತವನ್ನು ತರಿ ಅಂತ ಎಣಿಸಬೇಕು ಅನ್ನುವುದು. 0.1ಕ್ಕಿಂತ ನುಣುಪು ಮುಖಕ್ಕೆ ಅದು 0.25 ಮಿಲಿಮೀಟರ್, ಅದಕ್ಕಿಂತ ಒರಟಿಗೆ 0.8. ಎಲ್ಲದಕ್ಕೂ 0.8 ಇಟ್ಟು ಅಳೆದರೆ ಮುಖದ ಸಣ್ಣ ಏರಿಳಿತವೂ ತರಿಯ ಲೆಕ್ಕಕ್ಕೆ ಸೇರಿ ಸಂಖ್ಯೆ ಉಬ್ಬುತ್ತದೆ. ಕಾರ್ಬನ್ನಿನಲ್ಲಿ ಸಹಜ ರಂಧ್ರಗಳಿವೆ. ಸೂಜಿ ಒಂದರೊಳಗೆ ಬಿದ್ದರೂ ಸಂಖ್ಯೆ ಏರುತ್ತದೆ. ನಾಲ್ಕೈದು ಕಡೆ ಅಳೆದು ನೋಡಬೇಕು. ಉಜ್ಜುವ ಪಟ್ಟಿಯ ಮೇಲೆ ಸೂಜಿ ಎಳೆದ ಗೆರೆ ಉಳಿಯದಂತೆಯೂ ನೋಡಿಕೊಳ್ಳಬೇಕು.

ಹಳೆ ಸೀಲ್ ನೋಡಿ ಕಾರಣ ಹೇಳಬಹುದಾ?

ಬಹಳಷ್ಟು ಸಲ ಹೇಳಬಹುದು, ಒರೆಸದೆ ತಂದರೆ. ಹಳೆ ಗ್ರಾಮಾಫೋನ್ ತಟ್ಟೆಯ ಹಾಗೆ ಸುತ್ತ ಗೀರುಗಳಿದ್ದರೆ ಮರಳು, ಉಪ್ಪು. ನಡುವಿನಿಂದ ಹೊರಗೆ ಬಿಸಿಲ ಕಿರಣದ ಹಾಗೆ ಬಿರುಕಿದ್ದರೆ ನೀರಿಲ್ಲದೆ ಓಡಿದೆ. ಮುಖದ ಅರ್ಧ ಮಾತ್ರ ಹೊಳೆಯುತ್ತಿದ್ದರೆ ಸಪಾಟಿಲ್ಲ, ಅಥವಾ ಕೂರಿಸಿದ್ದು ವಾರೆ. ಚಿರೆಕಲ್ಲಿನ ಬಾವಿಯ ಪಂಪಿನಲ್ಲಿ ಕೆಲವೊಮ್ಮೆ ಕೆಂಪು ಕಿಟ್ಟ ಅಂಚಿಗೆ ಕಟ್ಟಿರುತ್ತದೆ, ಅದು ನೀರಿನ ಕಬ್ಬಿಣ. ಏನೂ ಕಾಣದೆ ಎರಡೂ ಮುಖ ಚೆನ್ನಾಗಿದ್ದರೆ ತಪ್ಪು ಮುಖದ್ದಲ್ಲ. ಹಿಂದಿನ ರಬ್ಬರ್ ನೋಡಿ.

ಘಟ್ಟದ ಮೇಲಿನಿಂದ ಸೀಲ್ ಪಾರ್ಸೆಲ್ ಕಳಿಸುವುದು ಹೇಗೆ?

ದೇವಿಮನೆ ಘಟ್ಟ ಇಳಿದು ಬರುವ ಬಸ್ಸಿನಲ್ಲಿ ಎಷ್ಟೋ ಸೀಲ್ ಬಂದಿವೆ. ಎರಡು ಉಂಗುರವನ್ನು ಮುಖಕ್ಕೆ ಮುಖ ತಾಗಿಸಿ ರಬ್ಬರ್ ಬ್ಯಾಂಡ್ ಹಾಕಿ ಕಳಿಸುವವರೇ ಜಾಸ್ತಿ. ನಡುವೆ ಒಂದು ಕಣ ಧೂಳಿದ್ದರೂ ಘಟ್ಟದ ತಿರುವುಗಳಲ್ಲಿ ಅದು ಅವುಗಳನ್ನು ಅರೆದು ತರುತ್ತದೆ. ಬೇರೆ ಬೇರೆ ಮೆತ್ತಗಿನ ಹತ್ತಿ ಬಟ್ಟೆಯಲ್ಲಿ ಸುತ್ತಿ. ಒಂದು ಚೀಟಿ ಇಡಿ: ಯಾವ ಪಂಪು, ಯಾವ ನೀರು, ಖಾಲಿ ಓಡಿತ್ತಾ ಇಲ್ಲವಾ. ಕೊನೆಯದನ್ನು ನಿಜ ಬರೆಯಿರಿ. ಬಿಚ್ಚಿದ ಕೂಡಲೇ ಹೇಗೂ ಗೊತ್ತಾಗುತ್ತದೆ.